ಒಲೆ ಹಚ್ಚದೆ ಹಣ್ಣಿನ ತಿನಿಸು: ಮಕ್ಕಳ ಕೈಯಿಂದಲೇ ಮಾಡಿಸಿ

ಸಂಜೆ ಶಾಲೆ ಬಿಟ್ಟು ಬಂದ ಮಕ್ಕಳಿಗೆ ಹಸಿವು ಜೋರು. ರಾತ್ರಿಯ ಊಟಕ್ಕೆ ಇನ್ನೂ ಮೂರು ತಾಸು ಇರುತ್ತದೆ. ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ. ಅದರಲ್ಲಿ ಅದ್ದಿ ತಿನ್ನಲು ಖಾರಿ ಅಥವಾ ಬಿಸ್ಕತ್ತು, ಅದೂ ಬೇಡವೆಂದರೆ ಮೂಲೆಯ ಅಂಗಡಿಯಲ್ಲಿ ಐದು ರೂಪಾಯಿಯ ಪೊಟ್ಟಣ. ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ಬಹುತೇಕ ಮನೆಗಳಲ್ಲಿ ಸಂಜೆಯ ತಿಂಡಿ ಇಷ್ಟಕ್ಕೇ ನಿಂತಿದೆ. ಹೊಟ್ಟೆ ತುಂಬುತ್ತದೆ ನಿಜ. ಆದರೆ ಬೆಳೆಯುವ ಮೈಗೆ ಬೇಕಾದ ನಾರು, ಜೀವಸತ್ವ, ಕಬ್ಬಿಣದ ಅಂಶ ಇದರಲ್ಲಿ ಬಹಳ ಕಡಿಮೆ.

ಇದು ಕೇವಲ ರುಚಿಯ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದ ಸ್ಥಿತಿಯೂ ಇದಕ್ಕಿಂತ ಹೆಚ್ಚು ಬೇರೆಯಿಲ್ಲ. ಒಂದು ಹೊತ್ತಿನ ತಿಂಡಿಯಿಂದ ರಕ್ತಹೀನತೆ ಹೋಗದು. ಆದರೆ ದಿನವೂ ಬರುವ ಆ ಒಂದು ಹೊತ್ತನ್ನು ವ್ಯರ್ಥ ಮಾಡದೆ ಬಳಸಿಕೊಳ್ಳಬಹುದು. ಅದಕ್ಕೆ ಒಲೆ ಬೇಡ, ತುಪ್ಪ ಬೇಡ, ಹೆಚ್ಚಿನ ಖರ್ಚೂ ಬೇಡ. ಋತುವಿನ ಹಣ್ಣು, ಶೇಂಗಾ, ಎಳ್ಳು, ಜತೆಗೆ ಮಕ್ಕಳ ಎರಡು ಕೈ ಸಾಕು. ತಾನೇ ಕೈಯಾರೆ ಕಟ್ಟಿದ ಉಂಡೆಯನ್ನು ಮಗು ಬೇಡವೆನ್ನುವುದು ಅಪರೂಪ.

ಹಾಲು, ತುಪ್ಪ ಇಲ್ಲದೆ ಏಕೆ?

ಹಾಲು, ತುಪ್ಪ, ಜೇನು ಸೇರಿದಂತೆ ಪ್ರಾಣಿಗಳಿಂದ ಬರುವ ಯಾವುದನ್ನೂ ಬಳಸದ ಆಹಾರಕ್ಕೆ 'ವೀಗನ್' ಎಂಬ ಹೆಸರಿದೆ. ಈ ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಹೆಸರು ಹೊಸದಾದರೂ ಇಂಥ ತಿನಿಸು ನಮಗೆ ಹೊಸದಲ್ಲ. ಎಳ್ಳು-ಬೆಲ್ಲ, ಹುಣಸೆಹಣ್ಣಿನ ಚಿಗಳಿ, ಬಿಸಿಲಿನಲ್ಲಿ ಒಣಗಿಸಿದ ಬಾರಿಹಣ್ಣಿನ ವಡಿ, ಮಾವಿನ ಹಣ್ಣಿನ ಹಪ್ಪಳ ಇವುಗಳಲ್ಲಿ ಹಾಲಿನ ಹನಿಯೂ ಇಲ್ಲ.

ಇಂಥ ತಿನಿಸಿನಿಂದ ಮೂರು ಅನುಕೂಲಗಳಿವೆ. ಹಾಲು ಒಗ್ಗದ, ಹಾಲು ಕುಡಿದರೆ ಹೊಟ್ಟೆ ಉಬ್ಬುವ ಮಕ್ಕಳೂ ತಿನ್ನಬಹುದು. ಹಾಲಿನ ಸಿಹಿಗಳಂತೆ ಬೇಗ ಹಳಸುವುದಿಲ್ಲ. ಬೆಂಕಿಯ ಕೆಲಸ ಇಲ್ಲದ್ದರಿಂದ ಚಿಕ್ಕ ಮಕ್ಕಳನ್ನೂ ಧೈರ್ಯವಾಗಿ ಜತೆಗೆ ಕೂಡಿಸಿಕೊಳ್ಳಬಹುದು.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಸಂಜೆಯ ತಿಂಡಿ ಮಾತ್ರ. ಮನೆಯಲ್ಲಿ ಹಾಲು, ಮೊಸರು ಬಳಸುವವರು ಅದನ್ನು ನಿಲ್ಲಿಸಬೇಕಾಗಿಲ್ಲ. ಪೂರ್ತಿಯಾಗಿ ಹಾಲು ಬಿಡುವ ಕುಟುಂಬಗಳು ಬಿ-12 ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಹಣ್ಣು, ತರಕಾರಿ, ಕಾಳುಗಳಲ್ಲಿ ಅದು ನಂಬುವಷ್ಟು ಪ್ರಮಾಣದಲ್ಲಿ ಸಿಗುವುದಿಲ್ಲ. ಬಹುಕಾಲ ಕೊರತೆಯಾದರೆ ರಕ್ತಕ್ಕೂ ನರಗಳಿಗೂ ತೊಂದರೆ.

ನಮ್ಮ ನೆಲದ ಹಣ್ಣುಗಳು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಅನ್ನ, ಪಾನೀಯಗಳಿಗೆಂದೇ ಭಾಗಗಳಿವೆ. ಆಹಾರವನ್ನು ಅರಿತು ತಿನ್ನಬೇಕೆಂಬ ವಿಚಾರ ಈ ಊರಿಗೆ ಅಷ್ಟು ಹಳೆಯದು. ಅದೇ ಶತಮಾನದಲ್ಲಿ ಇಲ್ಲಿಯೇ ಬಸವಣ್ಣನವರು ಮತ್ತು ಶರಣರು ಕಾಯಕಕ್ಕೆ ಮೇಲು-ಕೀಳು ಇಲ್ಲವೆಂದರು. ಅಡುಗೆಮನೆಯ ಕೆಲಸ ಹೆಣ್ಣುಮಕ್ಕಳದ್ದು ಮಾತ್ರ ಎನ್ನುವ ರೂಢಿಯನ್ನು ಬಿಡಲು ಇದಕ್ಕಿಂತ ಒಳ್ಳೆಯ ನೆನಪು ಬೇಕೆ? ಉಂಡೆ ಕಟ್ಟುವಾಗ ತಂದೆ, ಮಗ ಇಬ್ಬರೂ ಕೂಡಲಿ.

ಬೀದರ್ ಜಿಲ್ಲೆಯ ಗುಡ್ಡ, ಹೊಲದ ಬದುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಸೀತಾಫಲ ಬರುತ್ತದೆ. ಚಳಿಗಾಲಕ್ಕೆ ಪೇರಲ ಬಂದರೆ, ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ಬಾರಿಹಣ್ಣಿನ ಕಾಲ. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು, ಮಕ್ಕಳು ಬಾರಿಹಣ್ಣು ಆರಿಸಿ ಜೇಬು ತುಂಬಿಕೊಳ್ಳುವುದನ್ನು ಯಾರು ಮರೆಯುತ್ತಾರೆ? ಬಸವ ಜಯಂತಿಯ ಸುಮಾರಿಗೆ ಮಾವು, ಮಳೆ ಹಿಡಿಯುವಾಗ ನೇರಳೆ, ವರ್ಷವಿಡೀ ಬಾಳೆ ಮತ್ತು ಪಪ್ಪಾಯಿ. ರಂಜಾನ್ ತಿಂಗಳಲ್ಲಿ ಬಜಾರಿನ ತುಂಬ ಖರ್ಜೂರ. ಅಗ್ಗವಾಗಿ ಸಿಗುವ ಕಾಲದ ಹಣ್ಣನ್ನೇ ಆರಿಸಿ. ಹೈದರಾಬಾದಿನಿಂದ ಬರುವ ಸೇಬು ಇಲ್ಲದಿದ್ದರೆ ಮಕ್ಕಳಿಗೆ ಪೋಷಣೆ ಇಲ್ಲವೆಂಬ ಭಾವನೆ ತಪ್ಪು. ನೂರು ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವ ಇದೆ. ಸೇಬಿನಲ್ಲಿ ಅದರ ಇಪ್ಪತ್ತನೆಯ ಒಂದು ಭಾಗವೂ ಇಲ್ಲ.

ಆರಂಭಿಸುವ ಮುನ್ನ

ಒಲೆ ಇಲ್ಲದ ತಿನಿಸಿನಲ್ಲಿ ಸ್ವಚ್ಛತೆಗೆ ಹೆಚ್ಚಿನ ಬೆಲೆ. ಬೇಯಿಸಿದ್ದರೆ ಸಾಯುವ ರೋಗಾಣು ಇಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಎಲ್ಲರೂ ಸಾಬೂನಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಮಕ್ಕಳ ಉಗುರು ಕತ್ತರಿಸಿರಬೇಕು. ಹಣ್ಣನ್ನು ಹೆಚ್ಚಿದ ಮೇಲಲ್ಲ, ಹೆಚ್ಚುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ನೆನೆಸಲು ಕುಡಿಯುವ ನೀರನ್ನೇ ಬಳಸಬೇಕು. ಭೇದಿ, ಜ್ವರ ಇದ್ದವರು ಆ ದಿನ ತಿನ್ನಲು ಮಾತ್ರ ಕೂಡಲಿ, ಮಾಡಲು ಬೇಡ.

ಶೇಂಗಾ ಹುರಿಯಲೂ ಒಲೆ ಬೇಕಲ್ಲ ಎನ್ನಬಹುದು. ಚುರುಮುರಿ, ಪುಟಾಣಿ ಮಾರುವ ಅಂಗಡಿಯಲ್ಲಿ ಹುರಿದ ಶೇಂಗಾ ಸಿಗುತ್ತದೆ. ಉಪ್ಪು ಹಾಕದ್ದನ್ನು ಕೇಳಿ ತನ್ನಿ. ಮನೆಗೆ ತಂದ ಮೇಲೆ ಒಂದೊಂದಾಗಿ ಆರಿಸಿ. ಮುರುಟಿದ, ಕಪ್ಪಾದ, ಬೂಸ್ಟು ಹಿಡಿದ ಕಾಳು ಎಸೆಯಿರಿ. ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ಹೋಗುವುದಿಲ್ಲ. ಈ ಆರಿಸುವ ಕೆಲಸವನ್ನು ಅಜ್ಜಿ ಮತ್ತು ಮೊಮ್ಮಕ್ಕಳಿಗೆ ಒಪ್ಪಿಸಿದರೆ ಮಕ್ಕಳ ಕಣ್ಣಿಗೂ ಒಳ್ಳೆಯದು-ಕೆಟ್ಟದ್ದರ ಅಭ್ಯಾಸವಾಗುತ್ತದೆ.

1. ಖರ್ಜೂರ, ಶೇಂಗಾ, ಎಳ್ಳಿನ ಉಂಡೆ

ಬೇಕಾಗುವ ಸಾಮಗ್ರಿ: ಮೆತ್ತಗಿನ ಖರ್ಜೂರ 200 ಗ್ರಾಂ (ಬೀಜ ತೆಗೆದ ಮೇಲಿನ ತೂಕ), ಹುರಿದ ಶೇಂಗಾ 100 ಗ್ರಾಂ, ಎಳ್ಳು 2 ದೊಡ್ಡ ಚಮಚ, ಏಲಕ್ಕಿ 2.

ವಿಧಾನ: ಎಳ್ಳನ್ನು ಆರಿಸಿ ಒಂದು ತಾಸು ಬಿಸಿಲಿಗೆ ಇಡಿ. ಶೇಂಗಾದ ಸಿಪ್ಪೆ ಉಜ್ಜಿ ತೂರಿ, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಖರ್ಜೂರವನ್ನು ಬಿಡಿಸಿ ಒಳಗೆ ಹುಳ ಇಲ್ಲವೆಂದು ನೋಡಿ, ಬೀಜ ತೆಗೆದು ಜಜ್ಜಿ. ಎಲ್ಲವನ್ನೂ ಏಲಕ್ಕಿ ಪುಡಿಯೊಂದಿಗೆ ನಾದಿ 16 ಉಂಡೆ ಕಟ್ಟಿ, ಎಳ್ಳಿನಲ್ಲಿ ಹೊರಳಿಸಿ. ಸಕ್ಕರೆ, ಬೆಲ್ಲ ಏನೂ ಬೇಡ. ಖರ್ಜೂರದ ಅಂಟೇ ಕಟ್ಟಿಗೆ ಸಾಕು. ನೀರು ತಾಗಿಸದೆ ಮಾಡಿದ ಉಂಡೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ಉತ್ತತ್ತಿ ಬಳಸುವುದಾದರೆ ರಾತ್ರಿ ನೆನೆಸಿ, ನೀರು ಬಸಿದು ಬಳಸಿ. ಆ ಉಂಡೆಯನ್ನು ಅಂದೇ ತಿಂದು ಮುಗಿಸಬೇಕು.

ಒಂದು ಉಂಡೆಯಲ್ಲಿ ಸುಮಾರು 75ರಿಂದ 80 ಕ್ಯಾಲೊರಿ. ಮಕ್ಕಳಿಗೆ ಎರಡು ಸಾಕು. ಖರ್ಜೂರ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ಮಾತು ಎಲ್ಲೆಡೆ ಇದೆ. ನಿಜವಾಗಿ ನೋಡಿದರೆ ಖರ್ಜೂರದಲ್ಲಿ ಕಬ್ಬಿಣ ಕಡಿಮೆ, ಎಳ್ಳಿನಲ್ಲಿ ಹಲವು ಪಟ್ಟು ಹೆಚ್ಚು. ಒಂದು ದೊಡ್ಡ ಚಮಚ ಎಳ್ಳಿನಲ್ಲಿ ಸುಮಾರು 90 ಮಿಲಿಗ್ರಾಂ ಸುಣ್ಣದ ಅಂಶವೂ ಇದೆ. ಅದೆಲ್ಲವೂ ಮೈಗೆ ಹತ್ತುವುದಿಲ್ಲ, ಆದರೂ ಅದು ಲಾಭವೇ.

2. ಪೇರಲದ ಹೋಳು

ಬೇಕಾಗುವ ಸಾಮಗ್ರಿ: ಪೇರಲ 3, ಲಿಂಬೆ ಅರ್ಧ ಹೋಳು, ಹುರಿದ ಶೇಂಗಾ ಪುಡಿ 2 ಚಮಚ, ಚಿಟಿಕೆ ಉಪ್ಪು, ಚಿಟಿಕೆ ಕಾರಪುಡಿ.

ವಿಧಾನ: ಸಿಪ್ಪೆ ತೆಗೆಯದೆ ತೆಳ್ಳಗೆ ಹೆಚ್ಚಿ. ಲಿಂಬೆರಸ ಹಿಂಡಿ, ಪುಡಿ ಉದುರಿಸಿ ಕೂಡಲೇ ತಿನ್ನಿ. ಹೆಚ್ಚಿಟ್ಟಷ್ಟೂ ಸಿ ಜೀವಸತ್ವ ನಷ್ಟವಾಗುತ್ತದೆ.

ಕಾಳು, ಸೊಪ್ಪು, ಎಳ್ಳು, ಶೇಂಗಾಗಳಲ್ಲಿರುವ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ಹತ್ತುವುದಿಲ್ಲ. ಸಿ ಜೀವಸತ್ವ ಅದನ್ನು ಹೀರಲು ನೆರವಾಗುತ್ತದೆ. ಚಹಾದ ಒಗರು ಅದನ್ನು ತಡೆಯುತ್ತದೆ. ಹೀಗಾಗಿ ಎಳ್ಳಿನ ಉಂಡೆಯ ಜತೆ ಪೇರಲ ಕೊಟ್ಟರೆ ಲಾಭ, ಚಹಾ ಕೊಟ್ಟರೆ ನಷ್ಟ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮಕ್ಕಳಿಗೆ ಚಹಾದ ಅಗತ್ಯವೇ ಇಲ್ಲ. ದೊಡ್ಡವರು ತಿಂಡಿಗೂ ಚಹಾಕ್ಕೂ ಒಂದು ತಾಸಿನ ಅಂತರ ಇಡಬೇಕು.

3. ಬಾಳೆಹಣ್ಣಿನ ಗಾಲಿ

ಬೇಕಾಗುವ ಸಾಮಗ್ರಿ: ಹದವಾಗಿ ಕಳಿತ ಬಾಳೆಹಣ್ಣು 4, ಶೇಂಗಾ ಪುಡಿ 3 ಚಮಚ, ತುರಿದ ಒಣಕೊಬ್ಬರಿ 3 ಚಮಚ.

ವಿಧಾನ: ಬಾಳೆಹಣ್ಣನ್ನು ಬೆರಳಗಲದ ಗಾಲಿಗಳಂತೆ ಕತ್ತರಿಸಿ. ಮೊಂಡು ಚಾಕು ಸಾಕು, ಆರು ವರ್ಷದ ಮಗುವೂ ದೊಡ್ಡವರ ಎದುರಿಗೆ ಕತ್ತರಿಸಬಹುದು. ಶೇಂಗಾ ಪುಡಿ, ಕೊಬ್ಬರಿ ಬೆರೆಸಿದ ತಟ್ಟೆಯಲ್ಲಿ ಹೊರಳಿಸಿ ತಿನ್ನಲು ಕೊಡಿ. ಮುಂಜಾನೆ ಮಾಡಿ ಸಂಜೆಗೆ ಇಡುವಂಥದ್ದಲ್ಲ. ಆಟಕ್ಕೆ ಹೋಗುವ ಮುನ್ನ ಕೊಡಲು ತಕ್ಕ ತಿನಿಸು.

4. ಸೀತಾಫಲದ ಅವಲಕ್ಕಿ

ಬೇಕಾಗುವ ಸಾಮಗ್ರಿ: ದೊಡ್ಡ ಸೀತಾಫಲ 2, ತೆಳು ಅವಲಕ್ಕಿ 1 ಬಟ್ಟಲು, ಏಲಕ್ಕಿ ಪುಡಿ ಚಿಟಿಕೆ.

ವಿಧಾನ: ಅವಲಕ್ಕಿಯನ್ನು ತೊಳೆದು, ಬಸಿದು ಐದು ನಿಮಿಷ ಬಿಡಿ. ಸೀತಾಫಲದ ತಿರುಳನ್ನು ಕೈಯಿಂದಲೇ ಬೀಜದಿಂದ ಬಿಡಿಸಿ, ಅವಲಕ್ಕಿಗೆ ಬೆರೆಸಿ. ಸಕ್ಕರೆ ಬೇಡವೇ ಬೇಡ.

ಇಲ್ಲಿ ಒಂದು ಎಚ್ಚರಿಕೆ ಇದೆ. ಸೀತಾಫಲವನ್ನು ಬೀಜ ಸಮೇತ ಮಿಕ್ಸಿಗೆ ಹಾಕಬಾರದು. ಬೀಜದೊಳಗಿನ ಪದಾರ್ಥ ವಿಷಕಾರಿ. ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರಕ್ಕೆ ಗಾಯವಾಗುತ್ತದೆ. ಹೇನು ಹೋಗಲೆಂದು ಬೀಜ ಅರೆದು ಮಕ್ಕಳ ತಲೆಗೆ ಹಚ್ಚುವ ಪದ್ಧತಿಯನ್ನೂ ಬಿಡಬೇಕು. ತಿರುಳು ಬಿಡಿಸುವಾಗ ಮಕ್ಕಳಿಂದ ಬೀಜ ಎಣಿಸಿ. ಎಣಿಕೆಯೂ ಬರುತ್ತದೆ, ಬೀಜವೂ ಬಾಯಿಗೆ ಹೋಗುವುದಿಲ್ಲ.

5. ಹುಣಸೆಹಣ್ಣಿನ ಚಿಗಳಿ

ಬೇಕಾಗುವ ಸಾಮಗ್ರಿ: ಬೀಜ, ನಾರು ತೆಗೆದ ಹುಣಸೆಹಣ್ಣು 100 ಗ್ರಾಂ, ಪುಡಿ ಬೆಲ್ಲ 60 ಗ್ರಾಂ, ಖರ್ಜೂರ 3, ಜೀರಿಗೆ ಅರ್ಧ ಚಮಚ, ಉಪ್ಪು ಮತ್ತು ಕಾರಪುಡಿ ಸ್ವಲ್ಪ.

ವಿಧಾನ: ಎಲ್ಲವನ್ನೂ ಒರಳಿನಲ್ಲಿ ಅಥವಾ ಕುಟ್ಟಾಣಿಯಲ್ಲಿ ಒಂದೇ ಮುದ್ದೆಯಾಗುವವರೆಗೆ ಕುಟ್ಟಿ. 12 ಉಂಡೆ ಮಾಡಿ, ಸ್ವಚ್ಛವಾದ ಕಡ್ಡಿಗೆ ಚುಚ್ಚಿ ಕೊಡಿ. ಮೊದಲು ಹುಣಸೆಯಷ್ಟೇ ತೂಕದ ಬೆಲ್ಲ ಹಾಕುತ್ತಿದ್ದವರು ಈ ಅಳತೆಗೆ ಬನ್ನಿ. ಒಂದು ಚಿಗಳಿಗೆ 5 ಗ್ರಾಂ ಬೆಲ್ಲ ಬರುತ್ತದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಹುಳಿ, ಸಿಹಿ ಎರಡೂ ಹಲ್ಲಿಗೆ ಅಂಟುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು.

ಬಿಸಿಲೇ ಒಲೆ

ನಮ್ಮ ಸೀಮೆಯ ಬೇಸಿಗೆಯ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಬೈಯುವ ಬದಲು ಬಳಸಿಕೊಳ್ಳಬಹುದು. ಮಾವಿನ ಹಣ್ಣಿನ ರಸವನ್ನು ಸೋಸಿ, ಸಕ್ಕರೆ ಬೆರೆಸದೆ, ಎಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಮೇಲೆ ತೆಳು ಬಟ್ಟೆ ಬಿಗಿದು ಮಾಳಿಗೆಯ ಮೇಲೆ ಇಡಿ. ನೊಣ, ಧೂಳು ಸೋಕಬಾರದು. ಸಂಜೆ ಒಳಗೆ ತಂದು, ಮರುದಿನ ಮತ್ತೆ ಇಡಿ. ಎರಡು-ಮೂರು ದಿನದಲ್ಲಿ ಕೈಗೆ ಅಂಟದಂತೆ ಒಣಗುತ್ತದೆ. ಹಪ್ಪಳವನ್ನು ಸುರುಳಿ ಸುತ್ತಿ ಒಣ ಡಬ್ಬಿಯಲ್ಲಿ ತುಂಬಿ.

ಚಳಿಗಾಲದ ಬಾರಿಹಣ್ಣನ್ನೂ ಹೀಗೆಯೇ ಮಾಡಬಹುದು. ತೊಳೆದು, ಹುಳುಕು ಆರಿಸಿ, ಬೀಜ ತೆಗೆದು, ಚೂರು ಬೆಲ್ಲ, ಉಪ್ಪು, ಜೀರಿಗೆ ಸೇರಿಸಿ ಕುಟ್ಟಿ, ಸಣ್ಣ ವಡಿ ತಟ್ಟಿ ಒಣಗಿಸಿ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೊರಟಾಗ ಮಕ್ಕಳ ಜೇಬಿನಲ್ಲಿ ನಾಲ್ಕು ವಡಿ ಇದ್ದರೆ ಬಣ್ಣದ ಮಿಠಾಯಿಯ ಹಟ ತುಸು ಕಡಿಮೆಯಾದೀತು.

ಮಾವು ಕೊಳ್ಳುವಾಗ ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದನ್ನು ತಪ್ಪಿಸಿ. ಅದರ ಬಳಕೆಗೆ ಕಾನೂನಿನ ನಿಷೇಧವಿದೆ. ಕಾಯಿ ತಂದು ಮನೆಯಲ್ಲಿಯೇ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದು ಎಲ್ಲಕ್ಕಿಂತ ಸುರಕ್ಷಿತ.

ಬೆಲ್ಲದ ಲೆಕ್ಕ

ಕಬ್ಬಿನ ಸೀಮೆಯವರಿಗೆ ಬೆಲ್ಲದ ಮೇಲೆ ಪ್ರೀತಿ ಸಹಜ. ಆದರೆ ಬೆಲ್ಲವೂ ಮುಖ್ಯವಾಗಿ ಸಕ್ಕರೆಯೇ. 'ಬೆಲ್ಲ ತಾನೆ, ಎಷ್ಟಾದರೂ ತಿನ್ನಲಿ' ಎನ್ನುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು, ಶೇಕಡಾ 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಬೆಲ್ಲ, ಜೇನು, ಹಣ್ಣಿನ ರಸಗಳಲ್ಲಿನ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ 1,500 ಕ್ಯಾಲೊರಿ ಬೇಕಾದ ಮಗುವಿಗೆ ಶೇಕಡಾ 5 ಎಂದರೆ ಸುಮಾರು 19 ಗ್ರಾಂ, ಅಂದರೆ ನಾಲ್ಕು ಸಣ್ಣ ಚಮಚ. ಹಣ್ಣಿನ ಹೆಸರಿನಲ್ಲಿ ಮಾರುವ 200 ಮಿಲಿಲೀಟರಿನ ಸಿಹಿ ಪಾನೀಯ ಒಂದೇ ಇಷ್ಟನ್ನು ಮುಗಿಸಿಬಿಡಬಹುದು.

ಹಣ್ಣನ್ನು ಇಡಿಯಾಗಿ ತಿಂದಾಗ ಅದರ ಸಿಹಿ ಈ ಲೆಕ್ಕಕ್ಕೆ ಬರುವುದಿಲ್ಲ. ನಾರಿನ ಜತೆ ಸೇರಿ ಅದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಆದ್ದರಿಂದ ರಸ ಹಿಂಡಿ ಕುಡಿಸುವ ಬದಲು ಹಣ್ಣನ್ನೇ ಕೊಡಿ. ಪೊಟ್ಟಣ ಕೊಳ್ಳಲೇಬೇಕಾದಾಗ ಹಿಂಬದಿಯ ಪಟ್ಟಿಯನ್ನು ಮಕ್ಕಳಿಂದಲೇ ಓದಿಸಿ. ಯಾವುದು ಹೆಚ್ಚು ಪ್ರಮಾಣದಲ್ಲಿದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಮನೆಯಲ್ಲಿ ಬೆಲ್ಲ ತೂಗಿ ಹಾಕಿದ ಮಗುವಿಗೆ ಆ ಪಟ್ಟಿ ಬೇಗ ಅರ್ಥವಾಗುತ್ತದೆ.

ಯಾರಿಗೆ ಯಾವ ಕೆಲಸ?

ಮೂರು-ನಾಲ್ಕು ವರ್ಷದ ಮಕ್ಕಳು ಹಣ್ಣು ತೊಳೆಯಲಿ, ಉಂಡೆಯನ್ನು ಎಳ್ಳಿನಲ್ಲಿ ಹೊರಳಿಸಲಿ. ಐದರಿಂದ ಎಂಟು ವರ್ಷದವರು ಖರ್ಜೂರದ ಬೀಜ ತೆಗೆಯಲಿ, ಉಂಡೆ ಕಟ್ಟಲಿ. ಒಂಬತ್ತು ದಾಟಿದವರು ಅಳೆಯಲಿ, ಕುಟ್ಟಲಿ, ದೊಡ್ಡವರ ಕಣ್ಣೆದುರಿಗೆ ಹೆಚ್ಚಲಿ. ಈಳಿಗೆ, ಮಿಕ್ಸಿ ಮಾತ್ರ ದೊಡ್ಡವರ ಕೈಯಲ್ಲಿರಲಿ. ಕೊನೆಗೆ ಒರಳು, ತಟ್ಟೆ ತೊಳೆಯುವುದೂ ಎಲ್ಲರ ಪಾಲಿಗೆ ಬರಲಿ. ಪಾತ್ರೆಯ ರಾಶಿ ಅವ್ವನ ಮುಂದೆ ಬಿಟ್ಟು ಏಳುವುದಾದರೆ ಕೂಡಿ ಮಾಡಿದ್ದಕ್ಕೆ ಅರ್ಥವಿಲ್ಲ.

ಇವುಗಳ ಬಗ್ಗೆ ಎಚ್ಚರ

* ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ, ಬೀಜವಿರುವ ಬಾರಿಹಣ್ಣು ಕೊಡಬಾರದು. ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಕ್ಷಣದಲ್ಲಿ ಪ್ರಾಣಾಪಾಯ. ಶೇಂಗಾ ನುಣ್ಣಗೆ ಪುಡಿಯಾಗಿರಲಿ, ದ್ರಾಕ್ಷಿ ಉದ್ದುದ್ದ ಸೀಳಿರಲಿ. ಮಕ್ಕಳು ಕೂತು ತಿನ್ನಲಿ, ಓಡಾಡುತ್ತ, ನಗುತ್ತ ಬೇಡ.

* ಶೇಂಗಾ ಅಥವಾ ಎಳ್ಳು ತಿಂದ ಮೇಲೆ ತುಟಿ ಊದುವುದು, ಮೈ ದದ್ದು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮತ್ತೆಂದೂ ಅದನ್ನು ಕೊಡಬೇಡಿ.

* ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರಿಗೆ ಅರ್ಧ ಪೇರಲ ಸೂಕ್ತ. ಖರ್ಜೂರದ ಒಂದು ಉಂಡೆಯಲ್ಲಿ ಸುಮಾರು 9 ಗ್ರಾಂ ಸಕ್ಕರೆ ಇದೆ. ಅದನ್ನು ವೈದ್ಯರ ಸಲಹೆಯಂತೆ, ಊಟದ ಲೆಕ್ಕದೊಳಗೇ ತಿನ್ನಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ಬಾಳೆ, ಖರ್ಜೂರದ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ತಿನ್ನಬೇಕು.

* ಮಗು ಬಿಳಿಚಿಕೊಂಡಿದ್ದರೆ, ಬೇಗ ದಣಿಯುತ್ತಿದ್ದರೆ, ಮಣ್ಣು, ಬಳಪ ತಿನ್ನುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, ಜಂತುಹುಳುವಿನ ಮಾತ್ರೆಗಳನ್ನು ತಪ್ಪಿಸಬೇಡಿ. ಉಂಡೆ ಮಾತ್ರೆಗೆ ಬದಲಿಯಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2,000 ಕ್ಯಾಲೊರಿಯ ಆಹಾರದಲ್ಲಿ 100 ಗ್ರಾಂ ಹಣ್ಣು ಇರಬೇಕು. ನೂರು ಗ್ರಾಂ ಎಂದರೆ ಒಂದು ಮಧ್ಯಮ ಗಾತ್ರದ ಪೇರಲ. ಇಷ್ಟು ಸಣ್ಣ ಅಳತೆಯೂ ಅನೇಕ ಮನೆಗಳಲ್ಲಿ ಪೂರೈಸುವುದಿಲ್ಲ. ಹಣ್ಣೆಂದರೆ ಕಾಯಿಲೆಯವರಿಗೆ, ಇಲ್ಲವೇ ಪೂಜೆಗೆ ಎಂಬ ರೂಢಿ ಉಳಿದಿದೆ.

ಈ ಭಾನುವಾರ ಸಂತೆಯಿಂದ ಕಾಲದ ಹಣ್ಣು ಒಂದು ಕಿಲೋ, ಶೇಂಗಾ ಕಾಲು ಕಿಲೋ ತನ್ನಿ. ಟಿವಿ, ಮೊಬೈಲು ಬದಿಗಿಟ್ಟು ಚಾಪೆ ಹಾಸಿ ಎಲ್ಲರೂ ಕೂಡಿ. ಮೊದಲ ಸಲ ಉಂಡೆ ಒಂದು ದೊಡ್ಡದು, ಒಂದು ಸಣ್ಣದು ಆದೀತು. ಚಿಂತೆಯಿಲ್ಲ. ಸೋಮವಾರ ಸಂಜೆ ಶಾಲೆಯಿಂದ ಬಂದ ಮಗು ಅಂಗಡಿಯ ಕಡೆ ನೋಡದೆ ಡಬ್ಬಿಯ ಮುಚ್ಚಳ ತೆಗೆದರೆ ನಿಮ್ಮ ಶ್ರಮ ಸಾರ್ಥಕ.